ಇನ್ನೊಂದು ಉಸಿರು

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಬೆಳಗಿನ ಪಾಳಿಯ ಭೋಂಗಾ ಊದಿ ಮುಗಿಯುವಷ್ಟರಲ್ಲಿ ದವಾಖಾನೆಯ ನರ್ಸಬಾಯಿ ನಮ್ಮ ಹೊಸ್ತಿಲಿಗೆ ಬಂದಿರುತ್ತಿದ್ದರು. ಅದು ಅರವತ್ತರ ದಶಕ. ನನಗೆ ಹದಿನಾರು ವರ್ಷ. ಹುಟ್ಟಿನಿಂದಲೇ ಇದ್ದ ಹೃದಯದ ದೋಷಕ್ಕೆ ದೂರದ ಆಸ್ಪತ್ರೆಯಲ್ಲಿ ಎಡಪಕ್ಕೆ ಕೊಯ್ದು ಶಸ್ತ್ರಚಿಕಿತ್ಸೆ ಮಾಡಿದ್ದರು. ದಿನವೂ ಎತ್ತದಿದ್ದರೆ ಎಡಗೈ ಹೆಗಲಿನಲ್ಲೇ ಬಿಗಿದುಹೋಗುತ್ತದೆ ಎಂದು ಹೇಳಿ ಕಳಿಸಿದ್ದರು.

ನರ್ಸಬಾಯಿ ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಹೊಲಿಗೆಯ ಮೇಲೆ ದಿಂಬು ಒತ್ತಿಸಿ ಕೆಮ್ಮಿಸುತ್ತಿದ್ದರು, ಆಳವಾಗಿ ಉಸಿರೆಳೆಸುತ್ತಿದ್ದರು. ನಾನು ಸಾಕೆಂದರೆ ಅವರದು ಒಂದೇ ಮಾತು: ‘ಇನ್ನೊಂದು ಉಸಿರು.’

ಒಂದು ದಿನ ಅವರು ಬಂದಾಗ ನನ್ನ ಪೂಜೆ ಮುಗಿದಿರಲಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗವಿತ್ತು. ನನಗೆ ನೋವಾದೀತೆಂದು ಅಜ್ಜಿ ಮೊಣಕೈಗೆ ತನ್ನ ಕೈ ಆನಿಸಿದ್ದಳು.

‘ದಿನಾ ಹಿಂಗ ಹಿಡೀತೀರೇನ್ರಿ, ಆಯಿ?’

‘ಹೂಂ ಮತ್ತ. ಕೂಸಿನ ಕೈಯಾಗ ಕಸುವಿಲ್ಲ.’

‘ನೀವು ಹಿಡದರ ಕಸುವು ನಿಮಗ ಬರತೈತಿ. ಕೈ ತಗೀರಿ.’

‘ಲಿಂಗ ಬಿದ್ದರ ಏನವಾ ಗತಿ?’

‘ಆಕಿ ಉಸಿರು ಎಳಕೊಳ್ಳಲಿ. ಅದರ ಸಂಗಾಟ ಕೈ ಮ್ಯಾಲ ಬರತೈತಿ.’

ಅಜ್ಜಿ ಕೈ ತೆಗೆದಳು. ತೆಗೆದವಳೇ ಕೆಳಗೆ ಸೆರಗು ಒಡ್ಡಿದಳು. ನಾನು ಉಸಿರೆಳೆದೆ. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಬೇಕಿತ್ತು. ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತಿದ್ದ ನರ್ಸಬಾಯಿ ಬಾಯಿ ತೆರೆಯುವ ಮೊದಲೇ, ಒಡ್ಡಿದ ಸೆರಗಿನಿಂದ ಕಣ್ಣು ತೆಗೆಯದೆ ಅಜ್ಜಿ ಅಂದಳು, ‘ಇನ್ನೊಂದು ಉಸಿರು.’

ಕೈ ಏರಿತು. ನರ್ಸಬಾಯಿ ಗಡಿಯಾರ ನೋಡಿಕೊಂಡು ಚಪ್ಪಲಿ ಮೆಟ್ಟಿದರು.