ಇಳಿದವರು, ಹತ್ತಿದವರು

ಏರ್‌ಪೋರ್ಟಿನ ಹತ್ತಿರದ ಫೆಲ್ಥಮ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಶಿವಪುತ್ರಪ್ಪನಿಗೆ ಎರಡು ತಾಸಿನಲ್ಲಿ ಮುಗಿಯುವ ಕಾರ್ ರೇಸೆಂದರೆ ತಾತ್ಸಾರ. ಹಗಲೂ ರಾತ್ರಿ ಓಡಿದರಷ್ಟೇ ರೇಸು. ತೊಂಬತ್ತೆಂಟರ ಇಡೀ ಸೀಸನ್ನನ್ನು ಟಿವಿಯಿಂದ ಕ್ಯಾಸೆಟ್ಟಿಗೆ ತುಂಬಿಸಿದ್ದಾನೆ. ಆದರೆ ರೇಸಿಗಿಂತ ಮೊದಲೇ ಕ್ಯಾಸೆಟ್ಟು ಮುಗಿಯುವುದರಿಂದ ಗೆದ್ದವರು ಯಾರೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ‘ಗೆದ್ದಾಂವನ್ನ ತಗೊಂಡು ಏನ್ ಮಾಡೂದೈತ್ರಿ?’ ಎಂದು ಕಟಕ ರೊಟ್ಟಿ ಮುರಿಯುತ್ತ ಕೂತವನು, ನಡುವೆ ಕಾರು ನಿಲ್ಲಿಸಿ ಡ್ರೈವರ್ ಬದಲಾಗುವಾಗ ಮಾತ್ರ ಎದ್ದೇ ನಿಲ್ಲುತ್ತಾನೆ: ‘ನೋಡ್ರಿ, ಇಳದಾಂವನಽ ಹತ್ತಿದಾಂವಗ ಬೆಲ್ಟ್ ಹಾಕ್ತಾನ!’ ಅವನಿಗೂ ಹೆಂಡತಿ ಮಹಾದೇವಿಗೂ ಏರ್‌ಪೋರ್ಟಿನಲ್ಲೇ ಕೆಲಸ. ಒಬ್ಬರ ಪಾಳಿ ಮುಗಿದಾಗ ಇನ್ನೊಬ್ಬರದು, ಇಬ್ಬರಿಗೂ ಒಂದೇ ಕಾರು. ಮನೆಯ ಮುಂದೆ ಆಕೆ ಇಳಿಯುತ್ತಾಳೆ, ಇವನು ಹತ್ತುತ್ತಾನೆ. ಆಕೆ ಬಗ್ಗಿ ಇವನಿಗೆ ಬೆಲ್ಟ್ ಹಾಕಿ, ‘ಸಾವಕಾಶ ಹೋಗ್ರಿ’ ಎನ್ನುತ್ತಾಳೆ. ಅಷ್ಟು ನಿಧಾನವಾಗಿ ಡ್ರೈವರ್ ಬದಲಾಗುವುದನ್ನು ನಾನು ಅವನ ಯಾವ ಕ್ಯಾಸೆಟ್ಟಿನಲ್ಲೂ ನೋಡಿಲ್ಲ.