ದೋಣಿಯಿಂದ ಇಳಿದ ಅತ್ತಿಗೆ

ಆರು ವರ್ಷದ ಚಿಕ್ಕವನಿದ್ದೆ ನಾನು, ಅತ್ತಿಗೆ ನಮ್ಮ ಮನೆಗೆ ಬಂದಾಗ. ನೀವು ದೊಡ್ಡಜ್ಜಿ ಎಂದು ಕರೆಯುತ್ತಿದ್ದಿರಲ್ಲ, ಕಳೆದ ವರ್ಷ ತೀರಿಕೊಂಡಳಲ್ಲ, ಅವಳೇ. ಅವಳನ್ನು ಜಗಲಿಯಲ್ಲಿ ಮಲಗಿಸಿದ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಗೊಳ್ಳಿಯಿಂದ, ಬೈಂದೂರಿನಿಂದ, ಬಾರ್ಕೂರಿನಿಂದ ಜನ ಬಂದು ಅಳುತ್ತಾ ನಿಂತಿದ್ದರು. "ಅಜ್ಜ, ಇವ್ರೆಲ್ಲ ಎಂತಕ್ಕೆ ಮರ್ಕುದ್?" ಎಂದು ನಿಮ್ಮಲ್ಲಿ ಚಿಕ್ಕವಳು ನನ್ನ ಪಂಚೆ ಹಿಡಿದು ಕೇಳಿದಳು. ಅವತ್ತು ಅವಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಈಗ ಹೇಳುತ್ತೇನೆ.

ನಮ್ಮ ಮನೆ ಆಗಲೂ ಇಲ್ಲೇ ಕೋಡಿಯಲ್ಲಿ, ಹೊಳೆ ಕಡಲಿಗೆ ಸೇರುವಲ್ಲಿ ಇತ್ತು. ತೆಂಗಿನ ಮಡಲು ಹೊದೆಸಿದ ಮಾಡು, ಸಗಣಿ ಸಾರಿಸಿದ ನೆಲ, ಯಾವಾಗಲೂ ಒಣಮೀನಿನ ವಾಸನೆ. ಅಬ್ಬಿ, ಅಂದರೆ ನನ್ನ ತಾಯಿ, ನಾನು ಹುಟ್ಟಿದ ವರ್ಷವೇ ತೀರಿಹೋಗಿದ್ದಳು. ಹನ್ನೆರಡು ವರ್ಷದ ಅಕ್ಕನೇ ಒಲೆ ಹಚ್ಚುತ್ತಿದ್ದಳು, ನನ್ನನ್ನೂ ಸಾಕುತ್ತಿದ್ದಳು. ಅಣ್ಣ ಮಚುವೆಯಲ್ಲಿ ಕೆಲಸಕ್ಕಿದ್ದ. ಹಾಯಿ ಕಟ್ಟಿದ ಆ ದೊಡ್ಡ ಮಚುವೆಗಳು ಇಲ್ಲಿಂದ ಹೆಂಚು ತುಂಬಿಕೊಂಡು ಬೊಂಬಾಯಿ ಕಡೆಗೆ ಹೋಗಿ, ಬರುವಾಗ ಈರುಳ್ಳಿ ತರುತ್ತಿದ್ದವು.

ಒಂದು ಸಲ ಮಚುವೆ ರಿಪೇರಿಗೆಂದು ರತ್ನಾಗಿರಿಯಲ್ಲಿ ತಿಂಗಳುಗಟ್ಟಲೆ ನಿಂತಿತು. ಅಣ್ಣ ಮರಳಿ ಬಂದಾಗ ಈರುಳ್ಳಿ ಮೂಟೆಗಳ ಜೊತೆ ಹಸಿರು ಬಳೆ ತೊಟ್ಟ ಹುಡುಗಿಯೊಬ್ಬಳೂ ಇಳಿದಳು. ಅಲ್ಲಿಯ ಮೀನುಗಾರರ ಮನೆಯವಳು. ಅವಳನ್ನು ಅಲ್ಲೇ ಮದುವೆಯಾಗಿದ್ದ. ಅಪ್ಪನನ್ನು ಒಂದು ಮಾತೂ ಕೇಳಿರಲಿಲ್ಲ. ಅಪ್ಪ ಸಿಟ್ಟಾಗಿ ಕೂಗಾಡಲಿಲ್ಲ. ಅದಕ್ಕಿಂತ ಕಷ್ಟದ್ದನ್ನು ಮಾಡಿದರು. ಅವಳ ಕಡೆ ನೋಡುವುದನ್ನೇ ಬಿಟ್ಟರು.

ಅತ್ತಿಗೆಗೆ ಮರಾಠಿ ಬಿಟ್ಟರೆ ಬೇರೆ ಮಾತು ಬಾರದು. ಅಣ್ಣ ಇಲ್ಲದಾಗ ಅವಳೊಡನೆ ಮಾತಾಡುತ್ತಿದ್ದವರು ಅಕ್ಕ ಮತ್ತು ನಾನು ಮಾತ್ರ. ಅಕ್ಕ ನನ್ನನ್ನು ಗದರಿಸುವುದು, ಮುದ್ದು ಮಾಡುವುದು, ಉಣಿಸುವುದು, ಇದನ್ನೇ ಅತ್ತಿಗೆ ಬೆರಗಿನಿಂದ ಕೇಳುತ್ತಿದ್ದಳು. ಹೀಗೆ ಅವಳು ಕಲಿತ ಕನ್ನಡವೆಲ್ಲ ಆರು ವರ್ಷದ ಹುಡುಗನಿಗೆ ಹೇಳುವ ಕನ್ನಡ. ತಪ್ಪು ಹೇಳಿ ತಾನೇ ಮೊದಲು ನಗುತ್ತಿದ್ದಳು. ಆ ನಗು ಹೊಳೆಯ ಆಚೆ ದಡಕ್ಕೂ ಕೇಳಿಸುವಂತಿತ್ತು.

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಅಣ್ಣ ಹೆಂಚಿನ ಮಚುವೆ ಹತ್ತಿ ಹೋದ. ಆ ವರ್ಷ ಗಾಳಿ ಬೇಗ ಎದ್ದಿತು. ಹದಿನೈದು ದಿನ ಸುದ್ದಿಯಿಲ್ಲ. ದಿನವೂ ಅತ್ತಿಗೆ ನನ್ನ ಕೈ ಹಿಡಿದುಕೊಂಡು ಕಡಲ ಬದಿಗೆ ಹೋಗಿ ನಿಲ್ಲುತ್ತಿದ್ದಳು. ಆಮೇಲೆ ಹೊನ್ನಾವರ ಕಡೆಯಿಂದ ಬಂದ ಮಚುವೆಯವರು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಣ್ಣನ ಮಚುವೆ ಮುಳುಗಿತ್ತು. ಒಬ್ಬರೂ ಉಳಿದಿರಲಿಲ್ಲ.

ಅಪ್ಪ ಜಗಲಿಯಲ್ಲಿ ಹೊಳೆಯ ಕಡೆ ಮುಖ ಮಾಡಿ ಕುಳಿತವರು ಏಳಲೇ ಇಲ್ಲ. ನಾಲ್ಕು ದಿನ ಬಾಯಿಗೆ ಅನ್ನ ಹಾಕಲಿಲ್ಲ. ಊರ ಹಿರಿಯರು ಬಂದು ಹೇಳಿದರೂ ಕೇಳಲಿಲ್ಲ. ಐದನೆಯ ದಿನ ಬೆಳಿಗ್ಗೆ ಅಕ್ಕನಿಗೆ ಒಂದೇ ಮಾತು ಹೇಳಿದರು. "ಈ ಹೆಣ್ಣಿಗ್ ಇಲ್ಲ್ ಯಾರಿದ್ರ್? ಅದ್ರ ಅಬ್ಬಿ ಹತ್ರ ಹೋಯ್ಲಿ."

ಮಳೆಗಾಲಕ್ಕೆ ಮುಂಚೆ ರತ್ನಾಗಿರಿ ಕಡೆಗೆ ಹೊರಟ ಕೊನೆಯ ಮಚುವೆ ಹೊಳೆಯಲ್ಲಿ ಲಂಗರು ಹಾಕಿತ್ತು. ಅಕ್ಕ ಅಳುತ್ತಲೇ ಅತ್ತಿಗೆಯ ಸೀರೆಗಳನ್ನು ಗಂಟು ಕಟ್ಟಿದಳು. ಮಚುವೆಗೆ ಮುಟ್ಟಿಸುವ ಸಣ್ಣ ದೋಣಿ ನಮ್ಮ ಮನೆಯ ಕೆಳಗೇ ಬಂದು ನಿಂತಿತು. ಅತ್ತಿಗೆ ಹತ್ತಿ ಕುಳಿತಳು. ಕೈಯಲ್ಲಿ ಹಸಿರು ಬಳೆ ಇರಲಿಲ್ಲ. ನಾನು ನೀರಿಗಿಳಿದು ದೋಣಿಯ ಅಂಚು ಹಿಡಿದುಕೊಂಡೆ.

"ಹ್ವಾಯ್, ಹೊರ್ಡುವನಾ? ನೀರ್ ಇಳಿತಾ ಇತ್ತ್," ಎಂದ ದೋಣಿಯವನು.

ಅತ್ತಿಗೆ ಜಗಲಿಯ ಕಡೆ ತಿರುಗಿ ನೋಡಿದಳು. ಅಪ್ಪ ಹೆಗಲ ಮೇಲಿನ ತೋರ್ತು ಮುಖಕ್ಕೆ ಒತ್ತಿಕೊಂಡು ಕುಳಿತಿದ್ದರು. ಅವಳು ಎಷ್ಟು ಹೊತ್ತು ನೋಡಿದಳೋ ತಿಳಿಯದು. ಆಮೇಲೆ ಮೊಣಕಾಲುದ್ದ ನೀರಿಗೆ ಇಳಿದಳು. ನೀರು ತೊಟ್ಟಿಕ್ಕುವ ಸೀರೆಯಲ್ಲೇ ಒಳಗೆ ಹೋಗಿ ಒಲೆ ಊದಿದಳು. ಗಂಜಿಯ ಹಬೆಯ ವಾಸನೆ ಹೊರಗೆ ಬಂತು. ಬಟ್ಟಲಿಗೆ ಹಾಕಿ, ಉಪ್ಪಿನ ಕಲ್ಲು ಬೆರೆಸಿ, ತಂದು ಅಪ್ಪನ ಎದುರು ಇಟ್ಟು ಅಲ್ಲೇ ಕುಕ್ಕುರುಗಾಲಲ್ಲಿ ಕುಳಿತಳು.

"ಉಣ್," ಎಂದಳು. "ಹಟ ಮಾಡ್ಬೇಡ. ನೀನ್ ಉಂಡ್ರೆ ನಾನೂ ಉಂಬೆ."

ಅಕ್ಕ ದಿನವೂ ನನಗೆ ಹೇಳುತ್ತಿದ್ದ ಮಾತು ಅದು. ಊರಿನಲ್ಲಿ ಯಾರೂ ಅಪ್ಪನನ್ನು ಏಕವಚನದಲ್ಲಿ ಕರೆದವರಿಲ್ಲ. ಅವಳನ್ನು ಕಳಿಸಲು ಬಂದು ಜಗಲಿಯ ಕೆಳಗೆ ನಿಂತಿದ್ದ ನೆರೆಯವರು ಇನ್ನೂ ಹತ್ತಿರ ಬಂದರು. ಅಪ್ಪ ತೋರ್ತು ತೆಗೆದು, ಅವಳು ಬಂದ ಮೇಲೆ ಮೊದಲ ಬಾರಿಗೆ ಅವಳ ಮುಖ ನೋಡಿದರು. ಅವಳ ಕೆನ್ನೆ ಬತ್ತಿತ್ತು. ಅವಳೂ ನಾಲ್ಕು ದಿನದಿಂದ ಉಂಡಿರಲಿಲ್ಲ ಎಂಬುದು ನಮಗೆಲ್ಲ ಹೊಳೆದದ್ದು ಆಗಲೇ. ಅಪ್ಪ ಬಟ್ಟಲು ಎತ್ತಿ ಒಂದು ಗುಟುಕು ಕುಡಿದರು. ಆಮೇಲೆ ಅಕ್ಕನನ್ನು ಕೂಗಿ, "ಇದ್ಕೂ ಬಡ್ಸ್," ಎಂದು, ಅತ್ತಿಗೆಯ ಕಡೆ ತಿರುಗಿದರು. "ಕೂಕೋ ಮಗ್ಳೆ."

ದೋಣಿಯವನು ಎರಡು ಸಲ ಕೂಗಿ, ಗಂಟನ್ನು ದಡದಲ್ಲಿಟ್ಟು ಹೋದ.

ದೀಪಾವಳಿ ಹೊತ್ತಿಗೆ ಅತ್ತಿಗೆಗೆ ಗಂಡು ಮಗು ಹುಟ್ಟಿತು. ಅದನ್ನು ಅಕ್ಕನ ಮಡಿಲಿಗೆ ಹಾಕಿ ಅವಳು ಮೀನಿನ ಬುಟ್ಟಿ ತಲೆಗೇರಿಸಿದಳು. ಕುಂದಾಪುರದ ಬೀದಿಗಳಲ್ಲಿ ಮೀನು ಮಾರಿ ನನ್ನನ್ನು ಶಾಲೆಗೆ ಕಳಿಸಿದಳು, ಅಕ್ಕನ ಮದುವೆ ಮಾಡಿದಳು, ಅಪ್ಪನ ಕೊನೆಗಾಲಕ್ಕೆ ಬಾಯಿಗೆ ನೀರು ಬಿಟ್ಟಳು. ದುಃಖ ಇರಲಿಲ್ಲವೆಂದಲ್ಲ. ಆದರೆ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ. ಮದುವೆ ಮನೆಗಳಲ್ಲಿ ಮರಾಠಿ ಹಾಡು ಹೇಳಿ ಹೆಂಗಸರನ್ನೆಲ್ಲ ಕುಣಿಸುತ್ತಿದ್ದಳು. ಚೌತಿಗೆ ನೀವು ಜಗಳವಾಡಿ ತಿನ್ನುವ, ಮೊಗ್ಗಿನಂತೆ ನೆರಿಗೆ ಹಿಡಿದ ಮೋದಕ ಅವಳು ತನ್ನೂರಿನಿಂದ ತಂದದ್ದು.

ಈಗ ಅವಳ ಮೊಮ್ಮಗ ಬೋಟಿಗೆ ಹೋದರೆ ದಿನಕ್ಕೆರಡು ಸಲ ಮೊಬೈಲಿನಲ್ಲಿ ಮಾತಾಡುತ್ತಾನೆ. ಎಲ್ಲಿದ್ದಾನೆ, ಯಾವಾಗ ದಡಕ್ಕೆ ಬರುತ್ತಾನೆ ಎಂಬುದು ನಿಮಗೆ ಕೂತಲ್ಲೇ ಗೊತ್ತಾಗುತ್ತದೆ. ದೊಡ್ಡಜ್ಜಿಗೆ ಫೋನು ಕೊಟ್ಟರೆ ಅವಳು ಕಿವಿಗೆ ಒತ್ತಿಕೊಂಡು ಸುಮ್ಮನೆ ಇರುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಅವಳಿಗೆ ಫೋನಿನಲ್ಲಿ ಮಾತಾಡಲು ಬರುವುದಿಲ್ಲ ಎಂದು ನೀವು ನಗುತ್ತಿದ್ದಿರಿ.

ಬರುತ್ತಿತ್ತು, ಮಕ್ಕಳೇ. ಕಡಲ ಮೇಲಿಂದ ಮನೆಯ ಹುಡುಗನ ದನಿ ಬರುತ್ತಿರುವಾಗ ಅದರ ನಡುವೆ ಮಾತಾಡಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ, ಅಷ್ಟೆ.