ಕರಗದೆ ಉಳಿದ ಕಣಗಳು

ರೇಷ್ಮೆಹುಳು ಪೊರೆ ಬಿಡಲು ಮೇವು ಬಿಟ್ಟು ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರ ಬಿಟ್ಟ ಮೇಲೆ ಎಲ್ಲವೂ ಒಟ್ಟಿಗೆ ಸೊಪ್ಪಿಗೆ ಬೀಳಬೇಕು. ಆ ಸಲ ಮೂರನೇ ಜ್ವರ ಕಳೆದರೂ ಅಮ್ಮನ ತಟ್ಟೆಗಳಲ್ಲಿ ಕೆಲವು ಹುಳು ಮಿಕ್ಕವುಗಳ ಅರ್ಧದಷ್ಟೂ ಇರಲಿಲ್ಲ. ಅಮ್ಮ ಗಂಟುರೋಗದ ಹೆಸರೆತ್ತಲಿಲ್ಲ. ಸಣ್ಣವನ್ನು ಆರಿಸಿ ಡಬ್ಬಿಗೆ ಹಾಕಿ, ಕೆಲಸಕ್ಕೆ ಹೊರಟ ನನ್ನ ಕೈಗಿಟ್ಟು, "ನಿನ್ ಮಿಶಿನ್ನಲ್ಲಿ ಒಂದ್ಸಲ ನೋಡು" ಎಂದಳು.

ಹುಳುವಿನಿಂದ ಹುಳುವಿಗೆ ಅಂಟುವ ಗಂಟುರೋಗಕ್ಕೆ ಮದ್ದಿಲ್ಲ. ಬಂದಿದ್ದರೆ ಇಡೀ ಮನೆಯ ಹುಳು ಸುಡಬೇಕು.

ನಾನು ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಜೀವಕೋಶದೊಳಗಿನ ಕಣಗಳು ಪ್ರತಿ ವರ್ಷದ ಪಾಠ: ಕೊಬ್ಬಿನ ಹನಿ, ಗ್ಲೈಕೋಜನ್, ಬಣ್ಣದ ಕಣ, ಹುಳುವಿನ ಚರ್ಮಕ್ಕೆ ಬಿಳುಪು ಕೊಡುವ ಯೂರೇಟ್ ಕಣ. ಬೋರ್ಡಿನ ಮೇಲೆ ಒಂದೊಂದಕ್ಕೂ ಒಂದೊಂದು ಆಕಾರ. ಹುಳುವನ್ನು ನೀರಿನಲ್ಲಿ ಅರೆದು ಸೂಕ್ಷ್ಮದರ್ಶಕದಲ್ಲಿಟ್ಟಾಗ ಎಲ್ಲವೂ ಒಂದೇ ತರಹ ಹೊಳೆದವು, ಅದುರಿದವು. ಯಾವುದು ಹುಳುವಿನದೇ ಕಣ, ಯಾವುದು ಅದರ ಕೋಶ ಹೊಕ್ಕ ರೋಗದ ಬೀಜ, ಹೇಳಲಾಗಲಿಲ್ಲ.

ಇನ್ನೊಂದು ಹುಳುವನ್ನು ಕ್ಷಾರದ ದ್ರಾವಣದಲ್ಲಿ ಅರೆದೆ. ಹುಳುವಿನ ಸ್ವಂತ ಕಣಗಳು ಅದರಲ್ಲಿ ಹೆಚ್ಚುಕಡಿಮೆ ಕರಗುತ್ತವೆ. ರೋಗದ ಬೀಜದ ಕವಚ ದಪ್ಪ, ಅದು ಕರಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕಣ್ಣಿಟ್ಟೆ. ನೋಟ ತಿಳಿಯಾಗಿತ್ತು. ಹಿಂದಿಗಿಂತ ಹೆಚ್ಚು ಹೆದರಿದ್ದು ಆಗಲೇ. ಉಳಿದವೆಲ್ಲ ಮೊಟ್ಟೆಯಾಕಾರದವು, ಒಂದೇ ಅಳತೆಯವು, ಗಂಟುರೋಗದ ಬೀಜಗಳು.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಈಗ ಸೊಪ್ಪು ಹಾಕ್ಲಾ, ಬೇಡ್ವಾ?"

ಬೇಡ ಎಂದೆ.

"ಹಸ್ಕೊಂಡಿದಾವೆ ಕಣೆ."

ಆಮೇಲೆ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದಳು. ತಟ್ಟೆಗೆ ಹೆಚ್ಚಾದ ಹುಳುವನ್ನು ಎಸೆಯದೆ ಅಕ್ಕಪಕ್ಕದವರಿಗೆ ಕೊಡುವುದು ನಮ್ಮೂರಿನ ರೂಢಿ. ಎದುರುಮನೆಯ ದೊಡ್ಡಮ್ಮನಿಗೆ ಈ ಸಲ ಹುಳು ಕಡಿಮೆ ಬಿದ್ದಿತ್ತು. ಎರಡನೇ ಜ್ವರ ಬಿಟ್ಟಾಗ ಅಮ್ಮ ಅವರಿಗೆ ಒಂದು ತಟ್ಟೆ ಹುಳು ಕೊಟ್ಟಿದ್ದಳು. ಅವರು ಅದನ್ನು ತಮ್ಮವುಗಳ ಜೊತೆ ಬೆರೆಸಿಯೂ ಆಗಿತ್ತು. "ನಂಗೆ ಹೇಳಕ್ಕಾಗಲ್ಲ, ನೀನೇ ಹೇಳು" ಎಂದಳು.

ಸಂಜೆ ಬಸ್ಸಿಳಿದು ಮೊದಲು ಅವರ ಮನೆಗೇ ಹೋದೆ. ದೊಡ್ಡಮ್ಮ ಹುಳುಮನೆಯೊಳಗಿದ್ದರು.

"ಬಾರವ್ವ, ನಿಮ್ಮಮ್ಮ ಕೊಟ್ಟಿದ್ ಹುಳ ಹೆಂಗ್ ಮೇಯ್ತವೆ ನೋಡ್ಬಾ."

ನನ್ನ ಬಟ್ಟೆಗೆ, ಚಪ್ಪಲಿಗೆ ಏನೇನು ಅಂಟಿತ್ತೋ. ಹೊಸ್ತಿಲು ದಾಟಲಿಲ್ಲ.

"ನಾನು ಒಳಗ್ ಬರಲ್ಲ ದೊಡ್ಡಮ್ಮ. ನೀವೇ ಆಚೆ ಬನ್ನಿ."

ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವರು ಬಂದರು. ನನ್ನ ಮುಖ ನೋಡಿ ಬೆನ್ನ ಹಿಂದೆ ಬಾಗಿಲೆಳೆದುಕೊಂಡರು.